ಚೀಲದ ಮೇಲೆ ಬರೆದಷ್ಟೇ ಹಾಕಿದರೂ ಲ್ಯಾಬ್ ನಾಯಿ ದಪ್ಪ ಆಗ್ತಿದೆ: ಫುಡ್ ಬದಲಿಸಬೇಕಾ, ಅಳತೆ ಬದಲಿಸಬೇಕಾ?

ತುಮಕೂರಿನ ಬ್ರೂನೋ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಲ್ಯಾಬ್ರಡಾರ್, ಗಂಡು, ನಾಲ್ಕು ವರ್ಷ. ಹೆಸರು ಬ್ರೂನೋ. ಹೋದ ವರ್ಷ ನ್ಯೂಟರ್ (ಸಂತಾನಹರಣ ಶಸ್ತ್ರಚಿಕಿತ್ಸೆ) ಮಾಡಿಸಿದೆವು. ಆಗ 31 ಕೆಜಿ ಇದ್ದವನು ಈಗ 36 ಆಗಿದ್ದಾನೆ. ಡಾಕ್ಟರು ಪರೀಕ್ಷೆ ಮಾಡಿ, ಥೈರಾಯ್ಡ್ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಎಲ್ಲ ಸರಿ ಇದೆ, 30ಕ್ಕೆ ಇಳಿಸಿ ಅಂದಿದ್ದಾರೆ.

ಡ್ರೈ ಫುಡ್ ಚೀಲದ ಹಿಂದಿನ ಪಟ್ಟಿ ನೋಡಿಯೇ ಹಾಕ್ತಿದ್ದೇವೆ. 36 ಕೆಜಿ ನಾಯಿಗೆ ದಿನಕ್ಕೆ 400 ಗ್ರಾಂ ಅಂತ ಇದೆ. ಬೆಳಿಗ್ಗೆ ಎರಡು ಕಪ್, ಸಂಜೆ ಎರಡು ಕಪ್. ತಿಂದಾದ ಮೇಲೂ ಬಟ್ಟಲು ನೆಕ್ಕಿ ಮುಖ ನೋಡ್ತಾನೆ. ಅಂಗಡಿಯವರು ಇದರಲ್ಲಿ ಧಾನ್ಯ ಜಾಸ್ತಿ, ಅದಕ್ಕೇ ದಪ್ಪ ಆಗ್ತಾನೆ, ಗ್ರೇನ್ ಫ್ರೀ ತಗೊಳ್ಳಿ ಅಂತಾರೆ. ಬೆಲೆ ಎರಡು ಪಟ್ಟಿಗಿಂತ ಜಾಸ್ತಿ. ಬದಲಿಸಲಾ?

ಹಾಸನದ ಶ್ವಾನಪ್ರಿಯ

ಸದ್ಯ ಏನನ್ನೂ ಕೊಳ್ಳಬೇಡಿ. ಮೊದಲು ಇಷ್ಟು ತಿಳಿಸಿ. ನಿಮ್ಮ ಕಪ್ಪಿನಲ್ಲಿ ಎಷ್ಟು ಗ್ರಾಂ ಹಿಡಿಯುತ್ತೆ? ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಹೇಳಿ, ಅಂದಾಜು ಬೇಡ. ಚೀಲದ ಹಿಂದೆ ಪ್ರೋಟೀನ್, ಕೊಬ್ಬು, ನಾರು, ತೇವಾಂಶ ಎಷ್ಟೆಷ್ಟು ಅಂತ ಬರೆದಿದ್ದಾರೆ? ಕಿಲೋ ಕ್ಯಾಲೊರಿ (ನಾವು ಮಾತಿನಲ್ಲಿ ಕ್ಯಾಲೊರಿ ಅನ್ನೋದು) ಅಂತ ಎಲ್ಲಾದರೂ ಇದೆಯಾ?

ಇನ್ನೊಂದು ಕೆಲಸ. ಬ್ರೂನೋ ಬಾಯಿಗೆ ಒಂದು ದಿನದಲ್ಲಿ ಏನೇನು ಹೋಗುತ್ತೋ ಎಲ್ಲ ಬರೆದಿಡಿ. ಮನೆಯ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿ ಕೇಳಿದರೆ ಯಾರೂ ಪೂರ್ತಿ ಹೇಳಲ್ಲ.

ತುಮಕೂರಿನ ಬ್ರೂನೋ ಮನೆ

ತೂಗಿದೆ. 100 ಗ್ರಾಂ ಅಂದುಕೊಂಡಿದ್ದ ಕಪ್ ತುಂಬಿಸಿದರೆ 115 ಗ್ರಾಂ ಬರ್ತಿದೆ. ಚೀಲದಲ್ಲಿ ಪ್ರೋಟೀನ್ 24, ಕೊಬ್ಬು 10, ನಾರು 5, ತೇವಾಂಶ 10 ಶೇಕಡ. ಕ್ಯಾಲೊರಿ ಎಲ್ಲೂ ಇಲ್ಲ.

ಬೇರೆ ತಿಂಡಿ: ಬೆಳಿಗ್ಗೆ ಅಜ್ಜಿ ಕಾಫಿ ಕುಡಿಯುವಾಗ ನಾಲ್ಕು ಗ್ಲೂಕೋಸ್ ಬಿಸ್ಕತ್ತು, ಸ್ವಲ್ಪ ಹಾಲು. ಮಧ್ಯಾಹ್ನ ಒಂದು ಬೇಯಿಸಿದ ಮೊಟ್ಟೆ. ರಾತ್ರಿ ಅಪ್ಪ ಊಟಕ್ಕೆ ಕೂತಾಗ ತುಪ್ಪ ಸವರಿದ ಒಂದು ಚಪಾತಿ. ಆಗಾಗ ಇಡ್ಲಿ ಸಾಂಬಾರು. ವಾಕಿಂಗ್ ದಿನಕ್ಕೆ ಅರ್ಧ ಗಂಟೆ, ಒಂದೇ ಸಲ.

ಹಾಸನದ ಶ್ವಾನಪ್ರಿಯ

ಇಷ್ಟು ಸಾಕು, ಈಗ ಲೆಕ್ಕ ಮಾಡೋಣ.

ಎಲ್ಲಕ್ಕಿಂತ ಮೊದಲು ಸಾಂಬಾರು ಇವತ್ತಿನಿಂದಲೇ ನಿಲ್ಲಿಸಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗಲ್ಲ. ಹೋಳು ತೆಗೆದು ಬರೀ ರಸ ಹಾಕಿದರೂ ಅಷ್ಟೇ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡವೇ ಬೇಡ.

ಕ್ಯಾಲೊರಿ ಬರೆಯದಿದ್ದರೆ ನಾವೇ ಲೆಕ್ಕ ಹಾಕಬಹುದು. ಬೂದಿ ಅಂಶ (ಸುಟ್ಟರೆ ಉಳಿಯುವ ಖನಿಜ) ಕೊಟ್ಟಿಲ್ಲವಾದರೆ 8 ಅಂತ ಹಿಡಿಯಿರಿ. ಆಗ 24, 10, 5, 10, 8 ಕೂಡಿದರೆ 57. ನೂರರಲ್ಲಿ ಉಳಿದ 43 ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟಕ್ಕೆ ಗ್ರಾಮಿಗೆ 3.5 ಕ್ಯಾಲೊರಿ, ಕೊಬ್ಬಿಗೆ 8.5. ಒಟ್ಟು 100 ಗ್ರಾಮಿಗೆ ಸುಮಾರು 320 ಬರುತ್ತೆ. ನೀವು 400 ಗ್ರಾಂ ಅಂದುಕೊಂಡು 460 ಗ್ರಾಂ ಹಾಕ್ತಿದ್ದೀರಿ. ಅಲ್ಲಿಗೇ 1,470 ಆಯ್ತು. ಬಿಸ್ಕತ್ತು, ಹಾಲು, ಮೊಟ್ಟೆ, ತುಪ್ಪದ ಚಪಾತಿ ಸೇರಿದರೆ ಇನ್ನೊಂದು 350 ಆದರೂ ಆಗುತ್ತೆ. ದಿನಕ್ಕೆ 1,800 ದಾಟಿತು.

ಅವನಿಗೆ ಬೇಕಾದ್ದು ಎಷ್ಟು? ಮೊಬೈಲಿನ ಕ್ಯಾಲ್ಕುಲೇಟರ್ ತೆಗೀರಿ. ನಾಯಿ ಇರಬೇಕಾದ ತೂಕ 30. 30 ಗುಣಿಸು 30 ಗುಣಿಸು 30, ಅಂದರೆ 27,000. ಈಗ ವರ್ಗಮೂಲದ ಬಟನ್ ಎರಡು ಸಲ ಒತ್ತಿ, 12.8 ಬರುತ್ತೆ. ಅದನ್ನು 70ರಿಂದ ಗುಣಿಸಿ. ಸುಮಾರು 900 ಕ್ಯಾಲೊರಿ. ಸುಮ್ನೆ ಮಲಗಿದ್ದರೂ ದೇಹ ನಡೆಯಲು ಬೇಕಾದ್ದು ಇಷ್ಟು. ಪಶುವೈದ್ಯರು ಲೆಕ್ಕ ಶುರು ಮಾಡುವುದೂ ಇಲ್ಲಿಂದಲೇ. ತೂಕ ಸರಿ ಇರುವ, ನ್ಯೂಟರ್ ಆದ ಬೆಳೆದ ನಾಯಿಗೆ ಇದರ 1.6 ಪಟ್ಟು, ಆಗದ ನಾಯಿಗೆ 1.8 ಪಟ್ಟು ಅಂತ ಹಿಡಿಯುತ್ತಾರೆ. ತೂಕ ಇಳಿಸಬೇಕಾದ ನಾಯಿಗೆ ಸುಮಾರು ಒಂದು ಪಟ್ಟು ಮಾತ್ರ.

ಚೀಲದ ಪಟ್ಟಿ ನಿಮಗೆ ಕೈ ಕೊಟ್ಟಿದ್ದು ಇಲ್ಲೇ. ಅದರಲ್ಲಿರುವ ತೂಕ ಅಂದರೆ ನಾಯಿ ಇರಬೇಕಾದ ತೂಕ. ದಪ್ಪ ಆದ ಮೇಲೆ 36ರ ಸಾಲು ನೋಡಿ ಹಾಕಿದರೆ, ಏರಿದ ಕೊಬ್ಬಿಗೂ ನಾವೇ ಊಟ ಹಾಕಿದ ಹಾಗೆ. ಆ ಪಟ್ಟಿ ಚೆನ್ನಾಗಿ ಓಡಾಡುವ, ನ್ಯೂಟರ್ ಆಗದ ನಾಯಿಗೂ ಸಾಲಬೇಕು ಅನ್ನುವ ಅಂದಾಜಿನದು. ನ್ಯೂಟರ್ ಆದ ಮೇಲೆ ಹಸಿವು ಏರುತ್ತೆ, ಬೇಕಾದ ಶಕ್ತಿ ಇಳಿಯುತ್ತೆ. ಅಳತೆ ಮಾತ್ರ ಹಳೆಯದೇ ಉಳಿದರೆ ತೂಕ ಏರದೆ ಇನ್ನೇನು?

ಆದರೆ 1,800ರಿಂದ ಒಮ್ಮೆಲೇ 900ಕ್ಕೆ ಇಳಿಸಬೇಡಿ. ನಾಯಿ ಕಂಗಾಲಾಗುತ್ತೆ, ಮನೆಯವರ ಮನಸ್ಸೂ ಕರಗುತ್ತೆ. 1,100ರಿಂದ ಶುರು ಮಾಡಿ. ಅದರಲ್ಲಿ 100 ಕ್ಯಾಲೊರಿ ಬೇರೆ ತಿಂಡಿಗೆ, ಉಳಿದ 1,000ಕ್ಕೆ ಡ್ರೈ ಫುಡ್. ಅಂದರೆ ದಿನಕ್ಕೆ 310 ಗ್ರಾಂ, ಬೆಳಿಗ್ಗೆ 155, ಸಂಜೆ 155. ಕಪ್ ಒಳಗಿಡಿ, ತಕ್ಕಡಿಯಲ್ಲೇ ತೂಗಿ ಹಾಕಿ. ವಾರಕ್ಕೊಮ್ಮೆ ತೂಕ ನೋಡಿ. ದೇಹತೂಕದ 1 ಶೇಕಡ, ಅಂದರೆ ವಾರಕ್ಕೆ 350 ಗ್ರಾಮಿನ ಆಸುಪಾಸು ಇಳಿದರೆ ಸರಿಯಾದ ದಾರಿ. ಎರಡು ಮೂರು ವಾರ ಏನೂ ಇಳಿಯದಿದ್ದರೆ ಇನ್ನು 10 ಶೇಕಡ ತೆಗೆಯಿರಿ. 900ಕ್ಕೆ ಬಂದರೂ ಇಳಿಯದಿದ್ದರೆ ಇದೇ ಫುಡ್ಡನ್ನು ಇನ್ನೂ ಕಡಿತ ಮಾಡುವುದು ಬೇಡ, ವಿಟಮಿನ್, ಪ್ರೋಟೀನ್ ಸಾಲದೆ ಹೋಗುತ್ತೆ. ತೂಕ ಇಳಿಸಲೆಂದೇ ಮಾಡಿದ ಫುಡ್ ಇದೆ, ಡಾಕ್ಟರನ್ನು ಕೇಳಿ ತಗೊಳ್ಳಿ.

ಅಜ್ಜಿ ಕೈಯಿಂದ ಕೊಡುವುದನ್ನು ನಿಲ್ಲಿಸಬೇಡಿ. ಅವನಿಗೂ ಅಜ್ಜಿಗೂ ಅದು ಬೇಕು. ಬಿಸ್ಕತ್ತಿನ ಬದಲು ಸೌತೆಕಾಯಿ ಅಥವಾ ಕ್ಯಾರೆಟ್ ಹೋಳು ಕೊಡಲಿ. ಇಲ್ಲವೇ ದಿನದ 310 ಗ್ರಾಮಿನಲ್ಲೇ ಒಂದು ಹಿಡಿ ತೆಗೆದು ಡಬ್ಬಿಯಲ್ಲಿ ಅಜ್ಜಿ ಪಕ್ಕ ಇಡಿ. ಹೊಟ್ಟೆ ತುಂಬಿದಂತೆ ಅನಿಸಲು ಉಪ್ಪು, ಒಗ್ಗರಣೆ ಇಲ್ಲದೆ ಬೇಯಿಸಿದ ಹುರುಳಿಕಾಯಿ ಬೆರೆಸಬಹುದು.

ತುಮಕೂರಿನ ಬ್ರೂನೋ ಮನೆ

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆದರೆ ಅವನು ಮುಖ ನೋಡೋ ರೀತಿ ನೋಡಿದರೆ ನಿಜವಾಗಲೂ ಹಸಿದಿದ್ದಾನೆ ಅನಿಸುತ್ತೆ. ಗ್ರೇನ್ ಫ್ರೀ ವಿಷಯ ಏನು?

ಹಾಸನದ ಶ್ವಾನಪ್ರಿಯ

ಹಸಿವು ನಿಜವೇ ಇರಬಹುದು. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡ ಲ್ಯಾಬ್ರಡಾರ್‌ಗಳನ್ನು ಪರೀಕ್ಷಿಸಿದಾಗ ಹೆಚ್ಚುಕಮ್ಮಿ ಕಾಲು ಭಾಗದ ನಾಯಿಗಳಲ್ಲಿ ಪಿಒಎಂಸಿ ಅನ್ನುವ ಜೀನಿನ ಒಂದು ತುಣುಕು ಇರಲಿಲ್ಲ. ಹೊಟ್ಟೆ ತುಂಬಿತು ಅಂತ ಮೆದುಳಿಗೆ ತಿಳಿಸುವ ಕೆಲಸದಲ್ಲಿ ಆ ಜೀನಿಗೆ ಪಾತ್ರವಿದೆ. ಅಂಥ ನಾಯಿ ಎಷ್ಟು ತಿಂದರೂ ಕೇಳುತ್ತೆ. ಹಾಗಾಗಿ ಲ್ಯಾಬ್ ವಿಷಯದಲ್ಲಿ ಅದರ ಕಣ್ಣು ನೋಡಿ ಅಳತೆ ಹಾಕಬಾರದು, ಪಕ್ಕೆ ಮುಟ್ಟಿ ಹಾಕಬೇಕು.

ಹೇಗೆ ಮುಟ್ಟೋದು ಅಂದರೆ, ಅವನು ನಿಂತಿರುವಾಗ ಎರಡು ಅಂಗೈಗಳನ್ನೂ ಎದೆಯ ಎರಡೂ ಬದಿಗೆ ಚಪ್ಪಟೆಯಾಗಿ ಇಟ್ಟು ಮೆಲ್ಲಗೆ ಸವರಿ. ಒತ್ತದೆಯೇ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಲು ಸಿಕ್ಕರೆ ತೂಕ ಸರಿ ಇದೆ. ಬೆರಳು ಒತ್ತಿದ ಮೇಲೆ ಮೂಳೆ ಸಿಕ್ಕರೆ ಜಾಸ್ತಿ ಆಗಿದೆ. ಒತ್ತಿದರೂ ಸಿಗದಿದ್ದರೆ ತುಂಬಾ ಜಾಸ್ತಿ. ಮೇಲಿನಿಂದ ನೋಡಿದಾಗ ಪಕ್ಕೆಯ ಹಿಂದೆ ಸೊಂಟ ಸಣ್ಣಗಾಗಬೇಕು. ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂದಕ್ಕೆ ಹೋಗ್ತಾ ಮೇಲೇರಬೇಕು.

ಕಮ್ಮಿ ಹಾಕಿದರೆ ಪಾಪ ಅನ್ನಬೇಡಿ. 48 ಲ್ಯಾಬ್ ಮರಿಗಳನ್ನು ಜೋಡಿ ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ 25 ಶೇಕಡ ಕಮ್ಮಿ ಊಟ ಹಾಕಿ, ಬದುಕಿದ್ದಷ್ಟು ಕಾಲ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಗಿದೆ. ಕಮ್ಮಿ ತಿಂದ ಗುಂಪು ಸುಮಾರು 13 ವರ್ಷ ಬದುಕಿತು. ಇನ್ನೊಂದು ಗುಂಪು ಸುಮಾರು 11 ವರ್ಷ. ಕೀಲು ನೋವೂ ಕಮ್ಮಿ ತಿಂದವುಗಳಿಗೆ ತಡವಾಗಿ ಬಂತು. ಬ್ರೂನೋಗೆ ನೀವು ಕೊಡಬಹುದಾದದ್ದು ಆ ಹೆಚ್ಚಿನ ವರ್ಷಗಳು. ಚಪಾತಿಗಿಂತ ಅದು ದೊಡ್ಡದಲ್ವಾ?

ಗ್ರೇನ್ ಫ್ರೀಗೂ ತೂಕಕ್ಕೂ ಸಂಬಂಧವಿಲ್ಲ. ಧಾನ್ಯ ತೆಗೆದ ಜಾಗಕ್ಕೆ ಬಟಾಣಿ, ಆಲೂಗಡ್ಡೆ ಬರುತ್ತೆ. ಕೊಬ್ಬು ಜಾಸ್ತಿ ಇದ್ದರೆ ಕ್ಯಾಲೊರಿ ಇನ್ನೂ ಏರುತ್ತೆ. ನಾಯಿಗೆ ಧಾನ್ಯ ಅರಗಲ್ಲ ಅನ್ನುವುದೂ ತಪ್ಪು. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ನಾಯಿ ಮತ್ತು ತೋಳದ ಜೀನುಗಳನ್ನು ಹೋಲಿಸಿದರು. ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ನಾಯಿಯಲ್ಲಿ ತೋಳಕ್ಕಿಂತ ಎಷ್ಟೋ ಜಾಸ್ತಿ ಇದ್ದವು. ನಮ್ಮ ಹಳ್ಳಿ ನಾಯಿಗಳು ಮುದ್ದೆ, ಅನ್ನ ತಿಂದೇ ಬದುಕಿಲ್ಲವೇ? ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಗ್ರೇನ್ ಫ್ರೀ ಫುಡ್ಡಿಗೂ ನಾಯಿಗಳ ಒಂದು ಹೃದಯರೋಗಕ್ಕೂ ನಂಟಿದೆಯಾ ಅಂತ ತನಿಖೆ ಶುರು ಮಾಡಿತು. ಇದೇ ಕಾರಣ ಅಂತ ಸಾಬೀತಾಗಿಲ್ಲ. ಆದರೂ ಬೇಡದ ವಸ್ತುವಿಗೆ ಎರಡು ಪಟ್ಟು ದುಡ್ಡು ಯಾಕೆ?

ಚೀಲ ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದೆ ತಿರುಗಿಸಿ. ಸಂಪೂರ್ಣ, ಸಮತೋಲನ ಆಹಾರ ಅಂತ ಬರೆದಿರಬೇಕು, ಯಾವ ವಯಸ್ಸಿಗೆ ಅಂತಲೂ ಇರಬೇಕು. ಪದಾರ್ಥಗಳ ಪಟ್ಟಿ ತೂಕದ ಕ್ರಮದಲ್ಲಿರುತ್ತೆ. ತಾಜಾ ಕೋಳಿಮಾಂಸ ಮೊದಲಿದ್ದರೆ ಹಿಗ್ಗಬೇಡಿ, ಅದರಲ್ಲಿ ಹೆಚ್ಚಿನ ಪಾಲು ನೀರೇ. ಚಿಕನ್ ಮೀಲ್ ಅಂದರೆ ನೀರು ತೆಗೆದ ಪುಡಿ, ಕೀಳು ಅಂತ ಅಂದುಕೊಳ್ಳಬೇಕಿಲ್ಲ. ಕ್ಯಾಲೊರಿ ಬರೆದಿರುವ ಕಂಪನಿಗೆ ನನ್ನ ಒಂದು ಮತ ಜಾಸ್ತಿ. ನಿಮ್ಮ ಈಗಿನ ಫುಡ್ಡಿನ ಅಂಕಿಗಳಲ್ಲಿ ನನಗೆ ಕೊರತೆ ಕಾಣಲಿಲ್ಲ. ಮಲ ಗಟ್ಟಿಯಾಗಿ, ಕೂದಲು ಹೊಳಪಾಗಿ ಇದ್ದರೆ ಅದನ್ನೇ ಮುಂದುವರಿಸಿ.

ಮುಧೋಳದ ಬೇಟೆನಾಯಿ

ಸರ ಹೇಳಿದ್ದು ಖರೇ ಐತಿ. ನಮ್ಮ ಮುಧೋಳ ನಾಯಿ ನೋಡಿದವರೆಲ್ಲ ಉಪವಾಸ ಕೆಡವಿದ್ದೀರಿ ಅಂತ ಬೈತಾರ. ಈ ತಳಿಗೆ ಹಿಂದಿನ ಒಂದೆರಡು ಪಕ್ಕೆಲುಬು ಕಣ್ಣಿಗೆ ಕಾಣೋದು ಸಹಜ ಅಂತ ನಮ್ಮ ಡಾಕ್ಟರು ಹೇಳ್ಯಾರ. ಲ್ಯಾಬ್ ನೋಡಿದ ಕಣ್ಣಿಂದ ಇದನ್ನ ಅಳೀಬಾರದು.

ಮೈಸೂರಿನ ಹೊಸಬ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ನಾಲ್ಕು ತಿಂಗಳ ಜರ್ಮನ್ ಶೆಫರ್ಡ್ ಮರಿ. ದೊಡ್ಡ ತಳಿಯ ಪಪ್ಪಿ ಫುಡ್ ಹಾಕ್ತಿದ್ದೇನೆ. ಕಿವಿ ನಿಲ್ಲಲಿ, ಮೂಳೆ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಸಿರಪ್ ಕೂಡ ಕೊಡು ಅಂತಾರೆ. ಕೊಡಲಾ?

ಹಾಸನದ ಶ್ವಾನಪ್ರಿಯ

ದಯವಿಟ್ಟು ಕೊಡಬೇಡಿ. ಸಂಪೂರ್ಣ ಪಪ್ಪಿ ಫುಡ್ಡಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇರುತ್ತೆ. ಎಳೆ ಮರಿಯ ಕರುಳಿಗೆ ಜಾಸ್ತಿ ಬಂದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರಲ್ಲ. ಹಾಕಿದ್ದರಲ್ಲಿ ಬಹುಪಾಲು ಒಳಗೆ ಹೋಗುತ್ತೆ. ದೊಡ್ಡ ತಳಿಗಳಲ್ಲಿ ಇದರಿಂದ ಮೂಳೆ, ಕೀಲು ಸೊಟ್ಟ ಬೆಳೆಯಬಹುದು. ದೊಡ್ಡ ತಳಿ ಮರಿಗಳ ಫುಡ್ಡಿಗೆ ಒಣ ಅಂಶದ ಲೆಕ್ಕದಲ್ಲಿ 1.8 ಶೇಕಡ ಕ್ಯಾಲ್ಸಿಯಂ ಮೀರಬಾರದು ಅಂತ ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘ ಎಎಎಫ್‌ಸಿಒ ಮಿತಿಯನ್ನೇ ಹಾಕಿದೆ. ಕಿವಿ ಹಲ್ಲು ಬದಲಾಗುವ ವಯಸ್ಸಿನಲ್ಲಿ ಏಳುತ್ತೆ, ಬೀಳುತ್ತೆ, ಮತ್ತೆ ಏಳುತ್ತೆ. ಕಾಯಿರಿ.

ಅಳತೆಗೆ, ನಾಲ್ಕು ತಿಂಗಳವರೆಗೆ ಮೇಲೆ 70ರಿಂದ ಗುಣಿಸಿ ತೆಗೆದ ಲೆಕ್ಕದ 3 ಪಟ್ಟು, ಆಮೇಲೆ 2 ಪಟ್ಟು. ಮರಿಗೆ ಇವತ್ತಿನ ತೂಕವನ್ನೇ ಹಾಕಿ ಲೆಕ್ಕ ಮಾಡಿ, ತೂಕ ಏರಿದ ಹಾಗೆ ಮತ್ತೆ ಮಾಡಿ. ದಿನಕ್ಕೆ ಮೂರು ಊಟ. ಮರಿ ಗುಂಡಗೆ ಇರಲಿ ಅಂತ ಆಸೆ ಬೇಡ, ದೊಡ್ಡ ತಳಿ ನಿಧಾನವಾಗಿ ಬೆಳೆದಷ್ಟೂ ಕೀಲಿಗೆ ಒಳ್ಳೇದು.

ತುಮಕೂರಿನ ಬ್ರೂನೋ ಮನೆ

ಒಂದು ತಿಂಗಳ ಮೇಲೆ ಬರೀತಿದ್ದೇನೆ. ಬ್ರೂನೋ ಈಗ 34.4 ಕೆಜಿ! ಅಜ್ಜಿ ಕ್ಯಾರೆಟ್ಟಿಗೆ ಒಪ್ಪಿದರು. ಅಪ್ಪನ ಚಪಾತಿ ಕಾಲು ಭಾಗಕ್ಕೆ ಇಳಿದಿದೆ, ತುಪ್ಪ ಇಲ್ಲ. ಮೊದಲು ಮೆಟ್ಟಿಲ ಹತ್ತಿರ ನಿಂತು ಬಿಡ್ತಿದ್ದ, ಈಗ ತಾನೇ ಹತ್ತಿ ತಾರಸಿಗೆ ಬರ್ತಾನೆ. ಎರಡು ವಿಷಯ ಕೇಳಬೇಕು. ಊಟ ಒಂದೇ ನಿಮಿಷಕ್ಕೆ ಖಾಲಿ ಮಾಡ್ತಾನೆ. ಮತ್ತೆ 20 ಕೆಜಿ ಚೀಲ ಮುಗಿಯಿತು, ಹಾಗೆಯೇ ಇನ್ನೊಂದು 20 ತರಲಾ?

ಹಾಸನದ ಶ್ವಾನಪ್ರಿಯ

ತುಂಬಾ ಸಂತೋಷ ಆಯ್ತು. ಇಳಿದಿರುವ ವೇಗವೂ ಸರಿಯಾಗಿದೆ, ಅಳತೆ ಮುಟ್ಟಬೇಡಿ.

ಬೇಗ ತಿನ್ನುವುದಕ್ಕೆ, ಬಟ್ಟಲು ಬಿಟ್ಟು ಅಗಲವಾದ ತಟ್ಟೆಯಲ್ಲಿ ಹರಡಿ. ಇಲ್ಲವೇ ಚಾಪೆಯ ಮೇಲೆ ಚೆಲ್ಲಿ, ಮೂಸಿ ಹುಡುಕಿ ತಿನ್ನಲಿ. ಗಬಗಬ ತಿಂದು ಕೂಡಲೇ ಓಡಿದರೆ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬರಿಸಿ ಜೀವಕ್ಕೇ ಅಪಾಯ ಆಗಬಹುದು. ವಾಕಿಂಗ್ ಊಟಕ್ಕಿಂತ ಮೊದಲೇ ಮುಗಿಸಿ.

20 ಕೆಜಿ ಬೇಡ. ದಿನಕ್ಕೆ 310 ಗ್ರಾಮಿನಂತೆ ಅದು ಎರಡು ತಿಂಗಳ ಮೇಲೆ ಬರುತ್ತೆ. ತೆರೆದ ಚೀಲವನ್ನು ಆರು ವಾರದೊಳಗೆ ಮುಗಿಸಬೇಕು. ಅದೂ ಮಳೆಗಾಲದಲ್ಲಿ ಕೊಬ್ಬು ಕಮಟಾಗುತ್ತೆ, ತೇವ ಎಳೆದು ಬೂಷ್ಟು ಹಿಡಿಯುತ್ತೆ. ಬೂಷ್ಟಿನ ವಿಷ ಲಿವರಿಗೆ ಕೆಟ್ಟದ್ದು. 10 ಕೆಜಿ ಚೀಲ ತನ್ನಿ, ತಯಾರಾದ ತಾರೀಕು ನೋಡಿ ತನ್ನಿ. ಅಂಗಡಿಯಲ್ಲಿ ಬಾಯಿ ಬಿಚ್ಚಿಟ್ಟ ಮೂಟೆಯಿಂದ ಕೆಜಿ ಲೆಕ್ಕದಲ್ಲಿ ಅಳೆದು ಕೊಡುವುದನ್ನು ತಗೋಬೇಡಿ, ಅಗ್ಗ ಆದರೂ ಬೇಡ. ಡಬ್ಬಕ್ಕೆ ಸುರಿಯದೆ ಚೀಲವನ್ನೇ ಬಾಯಿ ಮಡಚಿ ಸ್ಟೀಲ್ ಡ್ರಮ್ಮಿನೊಳಗೆ ಇಡಿ. ಆಗ ಡಬ್ಬದ ಗೋಡೆಗೆ ಹಳೇ ಜಿಡ್ಡು ಅಂಟಲ್ಲ, ತಾರೀಕು, ಬ್ಯಾಚ್ ನಂಬರೂ ಕೈಯಲ್ಲೇ ಇರುತ್ತೆ.

ಮುಂದೆ ಯಾವಾಗಲಾದರೂ ಬೇರೆ ಫುಡ್ಡಿಗೆ ಹೋಗಬೇಕಾದರೆ ಏಳೆಂಟು ದಿನ ಹಳೆಯದರ ಜೊತೆ ಬೆರೆಸುತ್ತಾ ಬದಲಿಸಿ, ಕಾಲು ಪಾಲಿನಿಂದ ಶುರು ಮಾಡಿ. ಹೊಸ ಫುಡ್ಡಿನ ಕ್ಯಾಲೊರಿ ಮತ್ತೆ ಲೆಕ್ಕ ಹಾಕಿ. 310 ಗ್ರಾಂ ಅನ್ನುವುದು ಈ ಚೀಲದ ಲೆಕ್ಕ ಮಾತ್ರ. 100 ಗ್ರಾಮಿಗೆ 400 ಕ್ಯಾಲೊರಿ ಇರುವ ಫುಡ್ ತಂದರೆ ಅದೇ ಬ್ರೂನೋಗೆ 250 ಗ್ರಾಂ ಸಾಕು.