ಪುಟ್ಟನ ಹಕ್ಕಿಪಟ್ಟಿ ಮತ್ತು ಕಚೇರಿಯ ಬೀಗ

ಪುಟ್ಟಾ, ಕೇಳಿಸುತ್ತಿದೆಯೇ? ಟೈಪ್ ಮಾಡಲು ಹೋದರೆ ಈ ಫೋನು ನನ್ನ ಕನ್ನಡವನ್ನು ತನಗೆ ತೋಚಿದಂತೆ ತಿದ್ದುತ್ತದೆ. ಅದಕ್ಕೇ ಬಾಯಲ್ಲಿ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಮೊದಲೇ ಹೇಳಿಬಿಟ್ಟೆ. ಅಣ್ಣಾ, ನೀನೂ ಪೂರ್ತಿ ಕೇಳು, ಅರ್ಧ ನಿಮಿಷಕ್ಕೇ ಹೆಬ್ಬೆರಳು ಒತ್ತಿ ಕೈತೊಳೆದುಕೊಳ್ಳಬೇಡ.

ನೀನು ನಿನ್ನೆ ರಾತ್ರಿ ಮನೆಯವರ ಗುಂಪಿನಲ್ಲಿ ಬರೆದದ್ದನ್ನು ಎರಡು ಸಲ ಓದಿದೆ. ಊಟದ ವಿರಾಮದಲ್ಲಿ ಕಚೇರಿಯ ಹಿಂದಿನ ಕೆರೆ ಸುತ್ತಿ ಬಂದು, ಕಂಡ ಹಕ್ಕಿಗಳ ಪಟ್ಟಿಯನ್ನು ಇಬರ್ಡ್ ತಾಣಕ್ಕೆ ಹಾಕುವುದು ನಿನ್ನ ರೂಢಿ. ಸೋಮವಾರದಿಂದ ಆ ತಾಣವೇ ತೆರೆಯುತ್ತಿಲ್ಲ, ಕೆಂಪು ಪಟ್ಟಿಯ ಎಚ್ಚರಿಕೆ ಬರುತ್ತದೆ, ನೆಟ್‌ವರ್ಕ್ ವಿಭಾಗದಲ್ಲಿ ಯಾರೋ ನಿನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದಾರೆ ಎಂದೆ. ಅದಕ್ಕೆ ಅಣ್ಣ, ‘ಸಂಬಳ ಕೊಡುವುದು ಹಕ್ಕಿ ಎಣಿಸುವುದಕ್ಕಲ್ಲ’ ಎಂದ. ನನ್ನ ಸುಪುತ್ರ, ಇಂಥ ತಡೆಯನ್ನು ದಾಟಿಸುವ ವಿಪಿಎನ್ ಹಾಕಿಕೋ ಎಂದು ಬುದ್ಧಿ ಹೇಳಿದ. ಮೂವರಿಗೂ ಉತ್ತರ ಕೊಡುವ ಅರ್ಹತೆ ಈ ಮನೆಯಲ್ಲಿ ನನಗೊಬ್ಬಳಿಗೇ ಇದೆ. ಇಪ್ಪತ್ತೆರಡು ವರ್ಷ ಒಂದು ಕಾರ್ಖಾನೆಯಲ್ಲಿ ಆ ಕೆಂಪು ಪಟ್ಟಿಯನ್ನು ಹಾಕುತ್ತಿದ್ದವಳು ನಾನೇ ಅಲ್ಲವೇ.

ಹೊಟ್ಟೆಕಿಚ್ಚಿನ ಮಾತು ಮೊದಲು. ನಿನ್ನ ಕಚೇರಿಯಲ್ಲಿ ಯಾರೂ ಕುಳಿತು ‘ಇವನ ಹಕ್ಕಿ ತಾಣವನ್ನು ಮುಚ್ಚೋಣ’ ಎಂದುಕೊಂಡಿರಲಿಕ್ಕಿಲ್ಲ. ಕಚೇರಿಯ ಇಂಟರ್ನೆಟ್ಟಿಗೆ ಕಾವಲು ಕೂರುವ ಫೈರ್‌ವಾಲ್ ಮಾರುವ ಕಂಪನಿಗಳು ಜಗತ್ತಿನ ತಾಣಗಳನ್ನೆಲ್ಲ ಕೆಟಗರಿಗಳಾಗಿ ವಿಂಗಡಿಸಿ ಇಟ್ಟಿರುತ್ತವೆ. ಆಟ, ಜೂಜು, ಶಾಪಿಂಗ್, ಹವ್ಯಾಸ, ಹೀಗೆ ಹತ್ತಾರು. ಕಚೇರಿಯವರು ಮಾಡುವುದು ಯಾವುದನ್ನು ತಡೆಯಬೇಕೋ ಅದಕ್ಕೆ ಟಿಕ್ ಹಾಕುವ ಕೆಲಸ ಮಾತ್ರ. ‘ಆಟ’ಕ್ಕೆ ಟಿಕ್ ಹಾಕಿದರೆ ಜಾಹೀರಾತೇ ಇಲ್ಲದೆ ಉಚಿತವಾಗಿ ಚದುರಂಗ ಆಡಿಸುವ ಲಿಚೆಸ್ ಕೂಡ ಇಸ್ಪೀಟು ತಾಣಗಳ ಜೊತೆ ಒಂದೇ ಗೋಣಿಚೀಲಕ್ಕೆ ಬಿತ್ತು. ಯಾರೋ ಒಬ್ಬರು ಪ್ರೀತಿಯಿಂದ ನಡೆಸುವ ಸಣ್ಣ ತಾಣಗಳ ಪಾಡು ಇನ್ನೂ ಕಷ್ಟ. ಯಾವ ಕೆಟಗರಿಗೂ ಸೇರದೆ ‘ವಿಂಗಡಿಸದವು’ ಎಂಬ ಗುಂಪಿನಲ್ಲಿ ಬಿದ್ದಿರುತ್ತವೆ. ಮೋಸಗಾರರು ನಿನ್ನೆ ಕಟ್ಟಿ ನಾಳೆ ಬಿಚ್ಚುವ ತಾಣಗಳೂ ಅಲ್ಲೇ ಇರುವುದರಿಂದ, ಎಚ್ಚರದ ಕಚೇರಿಗಳು ಆ ಗುಂಪನ್ನು ಸಾರಾಸಗಟಾಗಿ ಮುಚ್ಚುತ್ತವೆ. ಅದರಲ್ಲಿ ಅವರದ್ದು ತಪ್ಪೆಂದು ನಾನು ಹೇಳುವುದಿಲ್ಲ.

ನಮ್ಮ ಕಾಲದಲ್ಲಿ ಇಷ್ಟೂ ಇರಲಿಲ್ಲ. 2003ರಲ್ಲಿ ಒಂದು ಹಳೆಯ ಕಂಪ್ಯೂಟರಿಗೆ ಸ್ಕ್ವಿಡ್ ಎಂಬ ಉಚಿತ ತಂತ್ರಾಂಶ ಹಾಕಿ, ತಡೆಯಬೇಕಾದ ಪದಗಳ ಪಟ್ಟಿಯನ್ನು ನಾನೇ ಬರೆದಿದ್ದೆ. ವಿಳಾಸದಲ್ಲಿ ಎಲ್ಲಾದರೂ ಆ ಅಕ್ಷರಗಳು ಕಂಡರೆ ಬಾಗಿಲು ಬಂದ್. ಇಂಗ್ಲಿಷಿನಲ್ಲಿ ಎ, ಎಸ್, ಎಸ್ ಎಂದು ಬರೆಯುವ ಒಂದು ಪುಟ್ಟ ಪದವಿದೆಯಲ್ಲ, ಕತ್ತೆ ಎಂದೂ ಅರ್ಥ, ಬೇರೆ ಅರ್ಥವೂ ಉಂಟು. ಅದನ್ನೂ ಸೇರಿಸಿದ್ದೆ, ಬಹಳ ಜಾಣೆ ಎಂದುಕೊಂಡು. ಮಾರನೆಯ ದಿನ ಖರೀದಿ ವಿಭಾಗದವರು ಓಡಿಬಂದರು. ಹಿತ್ತಾಳೆ ಮಾರುವವರ ತಾಣಗಳು ಒಂದೂ ತೆರೆಯುತ್ತಿಲ್ಲ! ಹಿತ್ತಾಳೆಗೆ ಇಂಗ್ಲಿಷಿನಲ್ಲಿ ಬ್ರಾಸ್, ಅದರ ಬಾಲದಲ್ಲೇ ಆ ಮೂರಕ್ಷರ. ನಮ್ಮ ಕಾರ್ಖಾನೆ ಮಾಡುತ್ತಿದ್ದುದೇ ಹಿತ್ತಾಳೆಯ ವಾಲ್ವುಗಳನ್ನು. ಅದಾದ ಎರಡು ದಿನಕ್ಕೆ ಜರ್ಮನಿಗೆ ಹೊರಟಿದ್ದ ಎಂಜಿನಿಯರ್ ಒಬ್ಬರು ಪಾಸ್‌ಪೋರ್ಟ್ ಕಚೇರಿಯ ತಾಣ ಅಶ್ಲೀಲವೇ ಮೇಡಂ ಎಂದು ಕೇಳಿದರು. ಪಾಸ್‌ಪೋರ್ಟಿನ ಹೊಟ್ಟೆಯೊಳಗೂ ಅದೇ ಮೂರಕ್ಷರ ಕುಳಿತಿತ್ತು.

ಈ ಎಡವಟ್ಟು ನನ್ನೊಬ್ಬಳದೇ ಅಲ್ಲ ಎಂದು ಆಮೇಲೆ ಓದಿ ಸಮಾಧಾನಪಟ್ಟುಕೊಂಡೆ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ತೋರ್ಪ್ ಎಂಬ ಊರಿನವರಿಗೆ ಎಒಎಲ್ ಎಂಬ ಇಂಟರ್ನೆಟ್ ಸೇವೆಯಲ್ಲಿ ಖಾತೆ ತೆರೆಯಲಾಗಲಿಲ್ಲವಂತೆ. ಊರಿನ ಹೆಸರಿನೊಳಗೆ ಒಂದು ಕೆಟ್ಟ ಪದ ಅಡಗಿತ್ತು. ಇಂಥ ತಪ್ಪಿಗೆ ಇವತ್ತಿಗೂ ಆ ಊರಿನ ಹೆಸರನ್ನೇ ಇಟ್ಟು ಕರೆಯುತ್ತಾರೆ, ಪಾಪ. ನಿನ್ನ ಹಕ್ಕಿಗಳಲ್ಲೂ ಟಿಟ್ ಎಂಬುದಿದೆ, ಬೂಬಿ ಎಂಬ ಕಡಲಹಕ್ಕಿ ಇದೆ. ಗುಂಪಿನಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅರ್ಥ ಬಿಡಿಸುವುದಿಲ್ಲ. ಇವತ್ತಿನ ಫೈರ್‌ವಾಲುಗಳು ಇಷ್ಟು ಪೆದ್ದಲ್ಲ, ಆದರೂ ಎಲ್ಲೋ ಒಂದು ಕಡೆ ನನ್ನಂಥವಳು ಬರೆದ ಹಳೆಯ ಪಟ್ಟಿ ಇನ್ನೂ ಉಸಿರಾಡುತ್ತಿರಬಹುದು.

ಒಂದು ನಿಮಿಷ ಇರು, ಕುಕ್ಕರ್ ಕೂಗಿತು. ಹಾಂ, ಎರಡನೆಯದು. ಇನ್ನೊಂದು ಆಗಬೇಕು.

ಅಣ್ಣಾ, ಈಗ ನಿನ್ನ ಮಾತು. 2011ರ ಮಾರ್ಚ್ 30, ಬುಧವಾರ, ಮೊಹಾಲಿಯಲ್ಲಿ ಭಾರತ-ಪಾಕಿಸ್ತಾನ ಸೆಮಿಫೈನಲ್. ನೀನು ರಜೆ ಹಾಕಿ ಟಿ.ವಿ. ಮುಂದೆ ಕುಳಿತಿದ್ದೆ, ನನಗೆ ನೆನಪಿದೆ. ಆಗ ನಮ್ಮಲ್ಲಿ ಇನ್ನೂರು ಜನರಿಗೆ ಎರಡು ಎಂಬಿಪಿಎಸ್‌ನ ಒಂದು ಲೈನು. ಮಧ್ಯಾಹ್ನ ಎರಡೂವರೆಗೆ ಆಟ ಶುರು. ಮೂರು ಗಂಟೆಯ ಹೊತ್ತಿಗೆ ಎಲ್ಲರೂ ಕಂಪ್ಯೂಟರಿನಲ್ಲಿ ಆಟ ನೋಡತೊಡಗಿ, ಮುಖ್ಯ ಕಚೇರಿಯ ಸರ್ವರ್ ನಮಗೆ ಸಿಗುತ್ತಲೇ ಇಲ್ಲ. ಇನ್‌ವಾಯ್ಸ್ ಪ್ರಿಂಟ್ ಆಗದೆ ಮೂರು ಲಾರಿಗಳು ಗೇಟಿನ ಒಳಗೇ ನಿಂತವು. ಚಾಲಕರು ಸಿಟ್ಟಾಗುತ್ತಾರೆ ಎಂದುಕೊಂಡರೆ, ಅವರೂ ಸೆಕ್ಯುರಿಟಿಯವನ ರೇಡಿಯೊ ಸುತ್ತ ಕುಳಿತಿದ್ದರು. ಭಾರತ 29 ರನ್‌ಗಳಿಂದ ಗೆದ್ದಿತು. ಮಾರನೆಯ ಬೆಳಗ್ಗೆ ಜನರಲ್ ಮ್ಯಾನೇಜರ್ ನನ್ನನ್ನು ಕರೆದು ಉಗಿದರು. ನಾನು ಬಂದು ಕ್ರೀಡೆಗೆ ಟಿಕ್ ಹಾಕಿದೆ. ಕೋಪದಲ್ಲಿದ್ದೆ ನೋಡು, ಕೈ ಅಲ್ಲಿಗೇ ನಿಲ್ಲಲಿಲ್ಲ. ಕೆಳಗಿದ್ದ ಆಟಗಳು, ಮನರಂಜನೆ, ಹವ್ಯಾಸ ಎಲ್ಲಕ್ಕೂ ಹಾಕಿಬಿಟ್ಟೆ.

ಎರಡು ವರ್ಷದ ಮೇಲೆ ಲೈನು ಐವತ್ತು ಎಂಬಿಪಿಎಸ್ ಆಯಿತು. ಆ ಟಿಕ್‌ಗಳು ಹಾಗೇ ಇದ್ದವು. ಹಾಕುವುದಕ್ಕೆ ಒಂದು ಸಿಟ್ಟಿನ ಬೆಳಗ್ಗೆ ಸಾಕಾಗಿತ್ತು, ತೆಗೆಯುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. 2016ರಲ್ಲಿ ಜಿಯೊ ಬಂದ ಮೇಲಂತೂ ಎಲ್ಲರ ಕೈಯಲ್ಲೂ ಅಗ್ಗದ ಡೇಟಾ. ಕೆಲಸ ಮಾಡದವನು ಮೇಜಿನ ಕೆಳಗೆ ಫೋನು ಹಿಡಿದು ಸಿನಿಮಾವನ್ನೇ ನೋಡುತ್ತಿದ್ದ. ನನ್ನ ಬೀಗ ಯಾರ ಸೋಮಾರಿತನವನ್ನೂ ತಡೆಯುತ್ತಿರಲಿಲ್ಲ ಅಣ್ಣಾ. ಅದಕ್ಕೆ ಸಿಕ್ಕಿಬಿದ್ದವರು ಕಚೇರಿಯ ಕಂಪ್ಯೂಟರಿನಲ್ಲಿ, ಎಲ್ಲರ ಕಣ್ಣೆದುರಿಗೆ, ಊಟದ ವಿರಾಮದಲ್ಲಿ ನೋಡುತ್ತಿದ್ದ ಮರ್ಯಾದಸ್ತರು ಮಾತ್ರ.

ಅಂಥವರೊಬ್ಬರ ವಿಷಯ ಹೇಳಬೇಕು. ಸ್ಟೋರ್ಸ್‌ನಲ್ಲಿ ಇದ್ದರು, ನಿವೃತ್ತಿಗೆ ಮೂರು ನಾಲ್ಕು ವರ್ಷ ಬಾಕಿ. ಅಂಚೆಚೀಟಿ ಕೂಡಿಡುತ್ತಿದ್ದರು. ಶನಿವಾರ ಬಿಡುವಾದರೆ ಬೆಂಗಳೂರಿನ ಜಿಪಿಒಗೆ ಹೋಗಿ ಹೊಸ ಚೀಟಿ ತರುವರು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಮಧ್ಯಾಹ್ನ ಮೊಸರನ್ನ ಮುಗಿಸಿ, ಡಬ್ಬಿ ತೊಳೆದಿಟ್ಟು, ಒಂದು ಇಪ್ಪತ್ತು ನಿಮಿಷ ಹಂಗೇರಿಯದೋ ಭೂತಾನದ್ದೋ ಚೀಟಿಗಳನ್ನು ಪರದೆಯ ಮೇಲೆ ನೋಡುತ್ತಿದ್ದರು. ಭೂತಾನದವರು ಹಾಡು ಕೇಳಿಸುವ ಗ್ರಾಮಫೋನ್ ತಟ್ಟೆಯಂಥ ಚೀಟಿಯನ್ನೇ ಮಾಡಿದ್ದರು ಎಂದು ನನಗೆ ಮೊದಲು ಹೇಳಿದವರು ಅವರೇ. ನಾನು ಟಿಕ್ ಹಾಕಿದ ಮೇಲೆ ಮಧ್ಯಾಹ್ನ ಪತ್ರಿಕೆಯ ಪದಬಂಧ ಹಿಡಿದು ಕೂರತೊಡಗಿದರು. ನಾನು ಗಮನಿಸಲೂ ಇಲ್ಲ. ಬೀಳ್ಕೊಡುಗೆಯ ದಿನ ಮೈಸೂರುಪಾಕು ತಿನ್ನುತ್ತಾ, ‘ನಿಮ್ಮ ಕಂಪ್ಯೂಟರಿನಲ್ಲಾದರೂ ಅಂಚೆಚೀಟಿ ತಾಣ ಬರುತ್ತದೆಯೇ ಮೇಡಂ, ನಮ್ಮಲ್ಲಿ ಸರ್ಕಾರದವರು ನಿಲ್ಲಿಸಿದ್ದಾರಲ್ಲ’ ಎಂದರು. ಸರ್ಕಾರ ಅಂತೆ! ಒಂದು ಟಿಕ್. ಕೇಳಿದ್ದರೆ ಅರ್ಧ ನಿಮಿಷದಲ್ಲಿ ತೆಗೆಯುತ್ತಿದ್ದೆ. ಕೇಳಬಹುದು ಎಂದೇ ಅವರಿಗೆ ಗೊತ್ತಿರಲಿಲ್ಲ, ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಸೋಮವಾರ ಬೆಳಗ್ಗೆ ಹೋಗಿ ಆ ಟಿಕ್ ತೆಗೆದೆ. ಅಷ್ಟರಲ್ಲಿ ಅವರು ಮನೆಯಲ್ಲಿದ್ದರು.

ಅದಕ್ಕೇ ಪುಟ್ಟಾ, ನಿನಗೆ ಹೇಳುವುದು ಇಷ್ಟೇ, ಕೇಳು. ಕ್ಯಾಂಟೀನಿನಲ್ಲಿ ಗೊಣಗಬೇಡ, ನೆಟ್‌ವರ್ಕ್ ವಿಭಾಗಕ್ಕೆ ಒಂದು ಟಿಕೆಟ್, ಅಂದರೆ ಕೋರಿಕೆ, ಹಾಕು. ತಡೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವ ಕೆಟಗರಿ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ತಾಣದ ವಿಳಾಸ, ಆ ಕೆಟಗರಿ, ಯಾವ ಹೊತ್ತಿನಲ್ಲಿ ಬಳಸುತ್ತೀಯ, ಇಷ್ಟು ಸಾಕು. ‘ನನ್ನ ಹಕ್ಕು’ ಎಂದೆಲ್ಲ ಶುರು ಮಾಡಬೇಡ, ಅಂಥ ಪತ್ರಗಳನ್ನು ನಾನು ಕೊನೆಗೆ ಓದುತ್ತಿದ್ದೆ. ಬದಲಿಗೆ ಅದು ಆಟದ ತಾಣವಲ್ಲ, ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ನಡೆಸುವಂಥದ್ದು ಎಂದು ಬರೆ. ನಮ್ಮ ದೇಶದ ಪಕ್ಷಿಗಳ ಸ್ಥಿತಿಯ ಬಗ್ಗೆ 2023ರಲ್ಲಿ ಬಂದ ವರದಿಯಲ್ಲಿ 942 ಜಾತಿಯ ಹಕ್ಕಿಗಳ ಲೆಕ್ಕ ಹಾಕಿದ್ದು ನಿನ್ನಂಥವರು ಅಲ್ಲಿಗೆ ಹಾಕಿದ ಪಟ್ಟಿಗಳಿಂದಲೇ ಎಂದೂ ಸೇರಿಸು. ನೀನೇ ತಾನೇ ಯುಗಾದಿಗೆ ಬಂದಾಗ ಒಬ್ಬಟ್ಟು ತಟ್ಟುತ್ತಿದ್ದವಳನ್ನು ನಿಲ್ಲಿಸಿ ಅದನ್ನೆಲ್ಲ ಓದಿ ಹೇಳಿದ್ದು? ಕೆಟಗರಿಯೇ ತಪ್ಪಾಗಿದ್ದರೆ ಫೈರ್‌ವಾಲ್ ಕಂಪನಿಗೇ ತಿದ್ದಲು ಕೋರಬಹುದು, ಬಹಳಷ್ಟು ಕಂಪನಿಗಳು ಅದಕ್ಕೊಂದು ಅರ್ಜಿ ಪುಟ ಇಟ್ಟಿವೆ.

ಇನ್ನು ವಿಪಿಎನ್ ಪಂಡಿತನಿಗೆ. ಮಗನೇ, ಎಂಜಿನಿಯರಿಂಗ್ ಓದಿಸಿದ್ದು ಇದಕ್ಕೇನು? ಕಚೇರಿಯ ಕಂಪ್ಯೂಟರಿಗೆ ಸಿಕ್ಕಿದ ಉಚಿತ ವಿಪಿಎನ್ ತುರುಕಿದರೆ ಪುಟ್ಟ ಕಳಿಸುವ, ತರಿಸುವ ಮಾಹಿತಿಯೆಲ್ಲ ಯಾರೋ ಅಪರಿಚಿತನ ಕೈಗೆ ಹೋಗುತ್ತದೆ, ಜೊತೆಗೆ ಕಚೇರಿಯದೂ. ಹಕ್ಕಿ ನೋಡಿದ್ದಕ್ಕೆ ಕೆಲಸ ಹೋಗುವುದಿಲ್ಲ, ಬೇಲಿ ಹಾರಿದ್ದಕ್ಕೆ ಹೋಗಬಹುದು. ಆಮೇಲೆ, ಕಾಣಿಸುವುದಿಲ್ಲ ಎಂದುಕೊಂಡಿದ್ದೀಯಲ್ಲ? ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೂ ಯಾವ ತಾಣಕ್ಕೆ ಹೋದೆ ಎಂಬುದು ಫೈರ್‌ವಾಲಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಕಚೇರಿ ತನ್ನದೇ ಸರ್ಟಿಫಿಕೇಟನ್ನು, ಅಂದರೆ ಡಿಜಿಟಲ್ ಗುರುತುಪತ್ರವನ್ನು, ಯಂತ್ರದಲ್ಲಿ ಕೂರಿಸಿದ್ದರೆ ಪುಟದ ಒಳಗಿನದನ್ನೂ ಬಿಚ್ಚಿ ನೋಡಬಹುದು. 2022ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ಲಾಗ್‌ಗಳನ್ನು, ಅಂದರೆ ಯಂತ್ರಗಳಲ್ಲಿ ಏನೇನು ನಡೆಯಿತೆಂಬ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳಲೇಬೇಕು.

ಲಾಗ್ ಎಂದರೆ ನನಗೆ ಈಗಲೂ ಒಂದು ಥರ ಆಗುತ್ತದೆ. ಲೈನು ಯಾಕೆ ನಿಧಾನ ಎಂದು ಹುಡುಕುತ್ತಾ ಸಾಲುಸಾಲು ಓದಬೇಕಾಗುತ್ತಿತ್ತು. ಯಾರು ಬೇರೆ ಕೆಲಸ ಹುಡುಕುತ್ತಿದ್ದಾರೆ, ಯಾರ ಮನೆಯಲ್ಲಿ ಸಾಲ, ಯಾವ ದಂಪತಿ ಮಗುವಿಗಾಗಿ ಯಾವ ಆಸ್ಪತ್ರೆಯ ಪುಟ ತೆರೆದರು, ಬೇಡವೆಂದರೂ ಕಣ್ಣಿಗೆ ಬೀಳುತ್ತಿತ್ತು. ಮರುದಿನ ಅವರೇ ಕಾಫಿ ಯಂತ್ರದ ಮುಂದೆ ಸಿಕ್ಕಿ ಚೆನ್ನಾಗಿದ್ದೀರಾ ಮೇಡಂ ಎನ್ನುತ್ತಿದ್ದರು. ಯಾರಿಗೂ ಹೇಳಿಲ್ಲ, ನಿಮ್ಮ ಮಾವನಿಗೂ ಹೇಳಿಲ್ಲ. ಆದ್ದರಿಂದ ಪುಟ್ಟಾ, ಬ್ಯಾಂಕು, ಆಸ್ಪತ್ರೆ, ಹುಡುಗಿ ನೋಡುವ ತಾಣ, ಇವೆಲ್ಲ ನಿನ್ನ ಫೋನಿನಲ್ಲಿ, ನಿನ್ನ ಡೇಟಾದಲ್ಲಿ. ಹುಡುಗಿಯ ಮಾತು ಸುಮ್ಮನೆ ಉದಾಹರಣೆಗೆ ಹೇಳಿದೆ, ಅತ್ತಿಗೆ, ನೀವು ಈಗಲೇ ಫೋನು ಮಾಡಬೇಡಿ.

ಟಿಕೆಟ್ ತಿರಸ್ಕಾರವಾದರೆ? ಆಗಬಹುದು. ಗ್ರಾಹಕರ ಜೊತೆಗಿನ ಒಪ್ಪಂದದಲ್ಲೇ ಇಂತಿಂಥ ತಾಣ ಮಾತ್ರ ಎಂದು ಬರೆದಿದ್ದರೆ ನೆಟ್‌ವರ್ಕಿನವರ ಕೈಯಲ್ಲೂ ಏನೂ ಇರುವುದಿಲ್ಲ. ಆಗ ಫೋನಿನ ಇಬರ್ಡ್ ಆ್ಯಪಿನಲ್ಲಿ ಕೆರೆಯ ದಡದಲ್ಲೇ ಪಟ್ಟಿ ಮುಗಿಸಿಬಿಡು. ನೀನು ದೊಡ್ಡ ಪರದೆಯೇ ಬೇಕು ಎನ್ನುತ್ತೀಯ, ಗೊತ್ತು.

ಮೂರನೆಯದೂ ಕೂಗಿತು, ನಾನು ಹೊರಟೆ. ಮೊದಲು ಆ ಕೆಂಪು ಪಟ್ಟಿಯ ಪುಟದ ಫೋಟೊ ತೆಗೆದು ಕಳುಹಿಸು, ಕೆಳಗಿನ ಸಾಲು ಸ್ಪಷ್ಟವಾಗಿ ಬರಲಿ. ಗುಂಪಿಗೆ ಹಾಕಬೇಡ, ನನಗೆ ಮಾತ್ರ. ಮತ್ತೆ, ನಾನು ಮಾತಾಡುತ್ತಿದ್ದಷ್ಟು ಹೊತ್ತೂ ಹಿಂದಿನ ನುಗ್ಗೆಮರದಿಂದ ಒಂದು ಹಕ್ಕಿ ಕುಟ್-ಕುಟ್-ಕುಟ್ ಎಂದು ಕೂಗುತ್ತಲೇ ಇದೆ, ಕುಕ್ಕರಿನ ಸದ್ದಿನ ನಡುವೆಯೂ ಕೇಳಿಸಿರಬೇಕು. ಎರಡು ದಿನದಿಂದ ಹುಡುಕುತ್ತಿದ್ದೇನೆ, ಎಲೆಗಳ ನಡುವೆ ಕಾಣಿಸುವುದೇ ಇಲ್ಲ. ಯಾವುದು ಅದು, ಹೇಳು.