ಮಳೆಗಾಲಕ್ಕೆ ಹದಿನೈದು ದಿನದ ದಾಸ್ತಾನು: ಐದು ಜನರ ಮನೆಗೆ ಏನು, ಎಷ್ಟು?

ಗುಡ್ಡದಂಚು:
ಮನೆ ಸೋಮವಾರಪೇಟೆ ಕಡೆ, ಇಳಿಜಾರಿನಲ್ಲಿ. ನಾವಿಬ್ಬರು, ಅಪ್ಪ, ಅಮ್ಮ, ಏಳು ವರ್ಷದ ಮಗ, ಎರಡು ಹಸು. ರಸ್ತೆ ಕಡಿದು, ಕರೆಂಟೂ ಟವರೂ ಹೋದರೆ 15 ದಿನ ಯಾರ ದಾರಿಯನ್ನೂ ಕಾಯದೆ ಇರುವಷ್ಟು ತಯಾರಿ ಬೇಕು. 6 ಅಡಿ ಅಗಲದ ಬಾವಿ ಇದೆ, 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ. ಅಮ್ಮ ಇನ್ಸುಲಿನ್ ತಗೊಳ್ತಾರೆ. ಲೆಕ್ಕ ಸಮೇತ ಹೇಳಿ.

ಉಗ್ರಾಣ:
ಸರ್, ಮೊದಲು ದಿನಾಂಕ. ಮೃಗಶಿರಾ ಮಳೆಗೆ ಮುಂಚೆ ಎಲ್ಲರೂ ಸಾಮಾನು ತುಂಬಿಸ್ತಾರೆ, ಆದರೆ ಕೊಡಗಿನಲ್ಲಿ 2018, 2019, 2020 ಮೂರೂ ವರ್ಷ ಗುಡ್ಡ ಜರಿದದ್ದು ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಡಬ್ಬಿ ಅರ್ಧ ಖಾಲಿ. ಜುಲೈ ಕೊನೆಯ ವಾರ, ಆಶ್ಲೇಷಾ ಮಳೆ ಹಿಡಿಯುವ ಮೊದಲು, ಇನ್ನೊಮ್ಮೆ ತುಂಬಿಸಿ.

ತಲೆಗೆ ದಿನಕ್ಕೆ 350 ಗ್ರಾಂ ಅಕ್ಕಿ ಹಿಡಿದರೆ 26 ಕೆಜಿ ಆಗ್ತದೆ, 30 ಇಡಿ. ಬೇಳೆ-ಕಾಳು 5 ಕೆಜಿ, ಎಣ್ಣೆ 3 ಲೀಟರ್, ಬೆಲ್ಲ 3 ಕೆಜಿ, ಉಪ್ಪು 2 ಕೆಜಿ. ಒಲೆ ಹಚ್ಚಲಾಗದ ದಿನಕ್ಕೆ ಅವಲಕ್ಕಿ 3 ಕೆಜಿ, ಹುರಿಗಡಲೆ 2 ಕೆಜಿ. ತರಕಾರಿ ಬದಲಿಗೆ ಉಪ್ಪುನೀರಿನ ಹಲಸಿನ ಸೊಳೆ, ಬಾಳಕ, ಮಣ್ಣು ಮೆತ್ತಿಟ್ಟ ಹಲಸಿನ ಬೀಜ. ನಮ್ಮ ಅಜ್ಜಿಯಂದಿರ ಈ ದಾಸ್ತಾನಿನ ಮುಂದೆ ಪೇಟೆಯ ಯಾವ ‘ಎಮರ್ಜೆನ್ಸಿ ಕಿಟ್’ ಕೂಡ ನಿಲ್ಲುವುದಿಲ್ಲ.

ಅಕ್ಕಿ ಕೆಡುವುದು ಹೆಚ್ಚಾಗಿ ಒಂದೇ ತಪ್ಪಿನಿಂದ: ಬಿಸಿಲಿಗೆ ಹಾಕಿ, ಬಿಸಿಬಿಸಿ ಇರುವಾಗಲೇ ಡ್ರಮ್ಮಿಗೆ ತುಂಬಿ ಮುಚ್ಚಳ ಬಿಗಿಯುವುದು. ಒಳಗಿನ ಹಬೆ ಮುಚ್ಚಳದಲ್ಲಿ ಬೆವರಿ ಮೇಲಿನ ಪದರಕ್ಕೆ ಬೂಷ್ಟು ಹಿಡಿಯುತ್ತದೆ. ನೆರಳಲ್ಲಿ ಪೂರ್ತಿ ಆರಿಸಿ ತುಂಬಿ. ಡ್ರಮ್ಮನ್ನು ನೆಲಕ್ಕೂ ಗೋಡೆಗೂ ತಾಗಿಸಬೇಡಿ, ಕೆಳಗೆ ಹಲಗೆ ಇರಲಿ. ಹಸುಗಳಿಗೆ ದಿನಕ್ಕೆ ಆರಾರು ಕೆಜಿಯಂತೆ 180 ಕೆಜಿ ಒಣ ಹುಲ್ಲು, ಅಟ್ಟದ ಮೇಲೆ.

ನೀರ್‌ಕೊಡ:
ಕುಡಿಯಲು, ಅಡುಗೆಗೆ ತಲೆಗೆ 5 ಲೀಟರ್ ಅಂದರೂ 375 ಲೀಟರ್ ಆಯ್ತು. ಮುಚ್ಚಳ ಇರುವ 500 ಲೀಟರ್ ಟ್ಯಾಂಕ್ ಒಂದು ಸಾಕು. ತೊಳೆಯಲು, ಹಸುಗಳಿಗೆ ಮಾಡಿನ ನೀರು ಹಿಡಿಯಿರಿ: 80 ಚದರ ಮೀಟರ್ ಮಾಡಿಗೆ 10 ಮಿಮೀ ಮಳೆ ಬಿದ್ದರೆ 800 ಲೀಟರ್. ಮೊದಲ ಹತ್ತು ನಿಮಿಷದ ನೀರು ಹೊರಗೆ ಬಿಡಿ.

ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 10,000 ಲೀಟರ್. ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ 2.5 ಗ್ರಾಂ, ಅಂದರೆ 25 ಗ್ರಾಂ. ಹೊರಗಿನ ನೀರು ನುಗ್ಗಿದ್ದರೆ 50. ಪುಡಿಯನ್ನು ನೇರ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಮುಕ್ಕಾಲು ತುಂಬಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗಿಳಿಸಿ, ಕೊಡದಿಂದ ಚೆನ್ನಾಗಿ ಕಲಕಿ. ಒಂದು ಗಂಟೆ ನೀರು ಸೇದಬಾರದು. ನೀರು ಕೆಂಪಾಗಿದ್ದರೆ ಈ ಕೆಲಸವೇ ವ್ಯರ್ಥ, ಕ್ಲೋರಿನ್ ಎಲ್ಲ ಕೆಸರಿಗೇ ಹೋಗ್ತದೆ, ಮೊದಲು ತಿಳಿಯಾಗಲಿ. ಪುಡಿ ತೇವಕ್ಕೆ ಸತ್ವ ಕಳ್ಕೊಳ್ಳುತ್ತದೆ, ಕಳೆದ ವರ್ಷದ್ದು ನಂಬಬೇಡಿ. ಸಂಶಯ ಇದ್ದಾಗ ಕುದಿಸಿ ಕುಡಿಯುವುದೇ ಸರಿ.

ಗುಡ್ಡದಂಚು:
ಇನ್ವರ್ಟರ್ ಎಷ್ಟು ದಿನ ಬರಬಹುದು?

ತಂತಿಗಂಬ:
12 ವೋಲ್ಟ್ × 150 = 1800 ವ್ಯಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿ ಉಳಿಯಬೇಕಾದರೆ ಅರ್ಧವೇ ಬಳಸಿ, 900. ಮೂರು 7 ವ್ಯಾಟ್ ಬಲ್ಬು ನಾಲ್ಕು ಗಂಟೆ, ಮೂರು ಫೋನ್, ಸೇರಿ ದಿನಕ್ಕೆ 130. ಹಾಗಾದರೆ ಒಂದು ವಾರ ಅನ್ನಿಸ್ತದೆ, ಎರಡೇ ದಿನಕ್ಕೆ ಮುಗಿಯುತ್ತದೆ. ಯಾಕೆಂದರೆ ಏನೂ ಹಾಕದಿದ್ದರೂ ಇನ್ವರ್ಟರ್ ತಾನೇ 15 ವ್ಯಾಟಿನಷ್ಟು ತಿನ್ನುತ್ತದೆ, 24 ಗಂಟೆಗೆ 360. ಸಂಜೆ ನಾಲ್ಕು ಗಂಟೆ ಮಾತ್ರ ಆನ್ ಮಾಡಿ, ಉಳಿದ ಹೊತ್ತು ಅದರ ಸ್ವಿಚ್ಚೇ ಆಫ್. ನಾಲ್ಕೂವರೆ ದಿನ ಬರುತ್ತದೆ. 12 ವೋಲ್ಟ್ ಡಿಸಿ ಬಲ್ಬು, ಕಾರಿನ ಯುಎಸ್‌ಬಿ ಚಾರ್ಜರ್ ಅನ್ನು ಫ್ಯೂಸ್ ಹಾಕಿ ಬ್ಯಾಟರಿಗೇ ಕೊಟ್ಟರೆ ಒಂದು ವಾರ. 100 ವ್ಯಾಟ್ ಸೋಲಾರ್ ಪ್ಯಾನೆಲ್ ಬಿಸಿಲಲ್ಲಿ ದಿನಕ್ಕೆ 400 ಕೊಟ್ಟರೂ ಆಗಸ್ಟಿನ ಮೋಡದಲ್ಲಿ 50ರಿಂದ 100 ಅಷ್ಟೇ, ಹಾಗಾಗಿ 200 ವ್ಯಾಟಿನದ್ದು ಹಾಕಿಸಿ. ಸೆಲ್ಲಿನ ರೇಡಿಯೋ ಒಂದಿರಲಿ. ಕರೆ ಹೋಗದಿದ್ದಾಗಲೂ ಎಸ್ಸೆಮ್ಮೆಸ್ ಹೋಗುವುದುಂಟು.

ಕಣಿ:
ಎಲ್ಲರೂ ಮನೆಯಲ್ಲೇ ಉಳಿಯುವ ಲೆಕ್ಕ ಹೇಳಿದ್ದೀರಿ. ಇಳಿಜಾರಿನ ಮನೆಗೆ ಆ ಲೆಕ್ಕ ಎರಡನೆಯದು. ದಾಸ್ತಾನು ತುಂಬಿದ ಮನೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಯಾವ ಗುರುತು ಕಂಡರೆ ಹೊರಡುವುದು ಎಂದು ಈಗಲೇ ಮನೆಮಂದಿ ಕೂತು ತೀರ್ಮಾನಿಸಿ, ಮಳೆಯ ನಡುವೆ ಚರ್ಚೆ ಬೇಡ.

ಮನೆ ಹಿಂದೆ ಜೆಸಿಬಿಯಲ್ಲಿ ನೆಟ್ಟಗೆ ಕಡಿದ ಬರೆ ಇದೆಯಾ? ಅದರ ಮೇಲ್ಭಾಗದಲ್ಲಿ ನೀರು ಪಕ್ಕಕ್ಕೆ ಹರಿಸುವ ಕಣಿ ತೆಗೆದು ತರಗೆಲೆ ಗುಡಿಸುತ್ತಿರಿ. ಇಂಗುಗುಂಡಿ ಮಾತ್ರ ಅಲ್ಲಿ ಬೇಡವೇ ಬೇಡ. ಮಣ್ಣಿನಲ್ಲಿ ಬಿರುಕು ಕಂಡರೆ ಜೇಡಿಮಣ್ಣು ತುಂಬಿ ಟಾರ್ಪಾಲು ಹೊದಿಸಿ, ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರ ಬೆಳಿಗ್ಗೆ ಸಂಜೆ ಅಳೆಯಿರಿ. ಅದು ಹಿಗ್ಗಿದರೆ ಹೊರಡಿ. ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಮರ ವಾಲಿದರೆ, ಒರತೆ ಕೆಂಪಾದರೆ ಹೊರಡಿ. ಮಳೆ ಸುರಿಯುತ್ತಿರುವಾಗಲೇ ತೋಡಿನ ನೀರು ಇಳಿದರೆ ಮೇಲೆ ಎಲ್ಲೋ ಮಣ್ಣು ಕಟ್ಟಿದೆ ಎಂದರ್ಥ; ಒಂದು ಕ್ಷಣವೂ ನಿಲ್ಲಬೇಡಿ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಎಂದರೆ 24 ಗಂಟೆಗೆ 204 ಮಿಮೀಗಿಂತ ಹೆಚ್ಚು ಮಳೆಯ ಸೂಚನೆ. ಆ ರಾತ್ರಿ ವಯಸ್ಸಾದವರೂ ಮಗುವೂ ಬೇರೆಡೆ ಮಲಗಲಿ.

ಹೊರಡುವಾಗ ಗ್ಯಾಸ್ ರೆಗ್ಯುಲೇಟರ್, ಮೇನ್ ಸ್ವಿಚ್ ಆಫ್, ಹಸುಗಳ ಹಗ್ಗ ಬಿಚ್ಚಿ ಬಿಡಿ. ತೋಡಿನ ದಾರಿ ಹತ್ತಿರವಾದರೂ ಬೇಡ, ಪಕ್ಕಕ್ಕೆ ಸರಿದು ದಿಣ್ಣೆ ಹತ್ತಿ. ಜಿಲ್ಲಾ ಕಂಟ್ರೋಲ್ ರೂಮ್ 1077, ತುರ್ತಿಗೆ 112, ಗೋಡೆ ಮೇಲೆ ಬರೆದಿಡಿ.

ಉಗ್ರಾಣ:
ಅಮ್ಮನ ಇನ್ಸುಲಿನ್ ಬಿಟ್ಟೇ ಹೋಯ್ತು. ಒಂದು ತಿಂಗಳದ್ದು ಹೆಚ್ಚಿಗೆ ಇಡಿ. ಹೆಚ್ಚಿನ ಇನ್ಸುಲಿನ್‌ಗಳು ಫ್ರಿಜ್ ಇಲ್ಲದೆಯೂ 25 ಡಿಗ್ರಿ ಒಳಗೆ 28 ದಿನ ಇರುತ್ತವೆ, ಮಳೆಗಾಲದಲ್ಲಿ ನಿಮ್ಮಲ್ಲಿ ಒಲೆಯಿಂದ ದೂರದ ಕೋಣೆ ಅಷ್ಟು ತಂಪಿರುತ್ತದೆ. ನಿಮ್ಮದಕ್ಕೆ ಎಷ್ಟು ದಿನ ಎಂದು ಡಾಕ್ಟರನ್ನು ಕೇಳಿ, ಹೊರಗೆ ತೆಗೆದ ದಿನಾಂಕ ಸೀಸೆಯ ಮೇಲೆ ಬರೆಯಿರಿ. ಐಸಿಗೆ ತಾಗಿಸಬೇಡಿ, ಒಮ್ಮೆ ಹೆಪ್ಪುಗಟ್ಟಿದ್ದು ಮತ್ತೆ ಕೆಲಸಕ್ಕೆ ಬಾರದು. ಟೆಸ್ಟ್ ಸ್ಟ್ರಿಪ್ಪಿನ ಡಬ್ಬಿ ತೆರೆದಿಟ್ಟರೆ ತೇವಕ್ಕೆ ತಪ್ಪು ಲೆಕ್ಕ ತೋರಿಸುತ್ತದೆ. ಊಟದ ಹೊತ್ತು ಏರುಪೇರಾದಾಗ ಶುಗರ್ ಇಳಿಯಬಹುದು, ಅವರ ಹೊರಡುವ ಚೀಲದಲ್ಲೇ ಸಕ್ಕರೆ ಪೊಟ್ಟಣ ಹಾಕಿಡಿ.