ಮಗಳು ಬಿಡಿಸಿದ ಗಣಿತಜ್ಞ: ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಡೊಂಬಿವಲಿಯಿಂದ: ಏಳನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಗಣಿತಜ್ಞರ ಚಿತ್ರ ಬಿಡಿಸಲು ಹೇಳಿದ್ದರಂತೆ. ಬೋಳುತಲೆ, ದಪ್ಪ ಕನ್ನಡಕ, ಕೈಯಲ್ಲಿ ಅಡಿಕೋಲು ಹಿಡಿದ ಸಿಡುಕು ಮೋರೆಯ ಗಂಡಸನ್ನು ಬಿಡಿಸಿದ್ದಾಳೆ. ‘ಹೆಂಗಸರು ಇರಲ್ವಾ?’ ಅಂದೆ. ‘ಇದ್ರೆ ನೀನೇ ಒಬ್ಬರನ್ನ ಹೇಳಮ್ಮ’ ಅಂದಳು. ನನಗೆ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಲೆಕ್ಕದ ಪುಸ್ತಕ ತೆಗೆದರೆ ಹೊಟ್ಟೆನೋವು ಅಂತಾಳೆ. ಅನುಭವ ಇದ್ದವರು ಹೇಳಿ.

ಮುಲುಂಡಿನಿಂದ: ಅಕ್ಕಾ, ನಿಮ್ಮ ಮಗಳೊಬ್ಬಳೇ ಅಲ್ಲ. ಪಿಕರ್ ಮತ್ತು ಬೆರಿ ಅನ್ನುವವರು ಐದು ದೇಶಗಳ 12–13 ವರ್ಷದ ಮಕ್ಕಳಿಂದ ಇದೇ ಚಿತ್ರ ಬಿಡಿಸಿದ್ದರು. ಅಧ್ಯಯನ 2000ರಲ್ಲಿ ಬಂತು. ಅಲ್ಲೂ ಕನ್ನಡಕ, ಬೋಳುತಲೆ, ಕರಿಹಲಗೆ. ಕೆಲವರು ಮಕ್ಕಳನ್ನು ಹೆದರಿಸುವ ಮೇಷ್ಟರನ್ನೇ ಬರೆದಿದ್ದರು. ಗಣಿತಜ್ಞರ ಕೆಲಸ ಏನೆಂದು ಕಾಣದ ಮಕ್ಕಳು ಆ ಜಾಗದಲ್ಲಿ ತಾವು ಕಂಡವರನ್ನು ಕೂರಿಸುತ್ತಾರೆ.

ಹೆಸರು ಬೇಕಾದರೆ ಗಣಿತಜ್ಞೆ ಮಂಗಲಾ ನಾರ್ಳೀಕರ್ ಬಗ್ಗೆ ಹೇಳಿ. ಮುಂಬೈಯ ಟಿ.ಐ.ಎಫ್.ಆರ್. ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಮದುವೆಯಾಗಿ ಮಕ್ಕಳಾದ ಮೇಲೆ 1981ರಲ್ಲಿ ಪಿಎಚ್.ಡಿ. ಪಡೆದರು. ನಮ್ಮ ಮನೆಗೆ ಅವರು ಹತ್ತಿರವಾದದ್ದು ಬೇರೆ ಕಾರಣಕ್ಕೆ. ಮರಾಠಿ ಶಾಲೆಯಲ್ಲಿ 25ಕ್ಕೆ ‘ಪಂಚವೀಸ್’ (ಐದು-ಇಪ್ಪತ್ತು) ಅಂದರೆ ನನ್ನ ಮಗ 52 ಬರೆಯುತ್ತಿದ್ದ, ಐದು ಮೊದಲು ಕೇಳಿಸುತ್ತಲ್ಲ. ಮನೆಯಲ್ಲಿ ನಾವು ‘ಇಪ್ಪತ್ತೈದು’ ಅನ್ನುವವರು. ತಾನು ದಡ್ಡ ಅಂತಲೇ ಅವನು ನಂಬಿಬಿಟ್ಟಿದ್ದ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ಕ್ಲಾಸಿನ ಪುಸ್ತಕಕ್ಕೆ ‘ವೀಸ್ ಪಾಚ್’ (ಇಪ್ಪತ್ತು-ಐದು) ಅನ್ನುವ ಕ್ರಮ ಬಂದಾಗ ಗಣಿತ ಸಮಿತಿಯ ಅಧ್ಯಕ್ಷೆ ಇವರೇ. ವಿರೋಧವೂ ಜೋರಾಗಿತ್ತು. ಮಗನಿಗೆ ಅದನ್ನು ತೋರಿಸಿ, ‘ನೋಡು, ತೊಡಕು ಮಾತಿನಲ್ಲಿತ್ತು, ನಿನ್ನ ತಲೆಯಲ್ಲಲ್ಲ’ ಅಂದೆ. ಅವತ್ತು ಅವನ ಮುಖ ನೋಡಬೇಕಿತ್ತು.

ಇನ್ನೊಂದು, ‘ನಂಗೂ ಲೆಕ್ಕ ಬರ್ತಿರ್ಲಿಲ್ಲ’ ಅಂತ ಮಗಳೆದುರು ಹೇಳಬೇಡಿ. ನಾನು ಹೇಳಿ ಕೆಟ್ಟಿದ್ದೇನೆ.

ಪುಣೆಯಿಂದ: ಅಕ್ಕಾರ, ಹೆಸರಿನ ಜೋಡಿ ಕೈಗೊಂದು ಆಟಾನೂ ಕೊಡ್ರಿ. ಕಾಪ್ರೇಕರ್ ಅಂತ, ದೇವಳಾಲಿ ಶಾಲಿ ಮಾಸ್ತರು, ನಮ್ಮ ಫರ್ಗ್ಯುಸನ್ ಕಾಲೇಜಿನ್ಯಾಗ ಕಲಿತವರು. ಅವರು ಕಂಡುಹಿಡಿದದ್ದು. ನಾಕು ಅಂಕಿ ತಗೋರಿ, ನಾಕೂ ಒಂದೇ ಇರಬಾರದು. ದೊಡ್ಡದರಿಂದ ಸಣ್ಣದಕ್ಕ ಜೋಡಿಸ್ರಿ, ಅದನ್ನ ತಿರುಗಾ ಬರದು ಮೊದಲಿನದರಾಗ ಕಳೀರಿ. ಬಂದದ್ದಕ್ಕ ಮತ್ತ ಹಂಗ ಮಾಡ್ರಿ. ಸೊನ್ನಿ ಬಂದ್ರ ಬಿಡಬ್ಯಾಡ್ರಿ. ಏಳು ಸಲದೊಳಗ 6174 ಬಂದು ನಿಂದರ್ತೈತಿ.

ಡೊಂಬಿವಲಿಯಿಂದ: ರಾತ್ರಿ ಊಟ ಆದಮೇಲೆ ಕೂತೆವು. ಅವಳು ಹುಟ್ಟಿದ ವರ್ಷ 2013. 3210ರಲ್ಲಿ 0123 ಕಳೆದರೆ 3087, ಆಮೇಲೆ 8352, ಆಮೇಲೆ 6174. ಮೂರೇ ಸಲ! ನನ್ನ 1983ಕ್ಕೆ ಏಳು ಸಲವೂ ಬೇಕಾಯಿತು. ಕ್ಯಾಲೆಂಡರಿನ ಹಿಂಬದಿ ತುಂಬಿತು. ಅಪ್ಪ, ಅಜ್ಜಿ, ಯಾರ ವರ್ಷವನ್ನೂ ಬಿಡಲಿಲ್ಲ. ಬೆಳಿಗ್ಗೆ ಜಡೆ ಹಾಕುವಾಗ ಕೇಳಿದಳು, ‘ಐದಂಕಿ ತಗೊಂಡ್ರೆ?’ ಏನು ಹೇಳಲಿ?

ಪುಣೆಯಿಂದ: ಐದಂಕಿ ಒಂದೇ ಕಡೆ ನಿಲ್ಲೂದಿಲ್ರಿ, ಸುತ್ತು ಹೊಡೀತಾವ. ಆದ್ರ ನೀವು ಹೇಳಬ್ಯಾಡ್ರಿ, ಅಕೀನ ಮಾಡಿ ನೋಡ್ಲಿ.